ಮತಪೆಟ್ಟಿಗೆಯಿಂದ ಬಂದ ಸಮಿತಿ

2017ರ ಸೆಪ್ಟೆಂಬರ್ 18ರಂದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಕಾರ್ಯಕಾರಿ ಮಂಡಳಿ ಸಭೆ ಸೇರಿ, ಹದಿನೆಂಟು ವರ್ಷ ಹಳೆಯದಾದ ಸಮಿತಿಯೊಂದನ್ನು ರದ್ದು ಮಾಡಿತು. ಅದರ ಜಾಗಕ್ಕೆ ಬೇರೊಂದು ಸಮಿತಿ ಬಂತು. ಹೊರಗಿನಿಂದ ನೋಡಿದವರಿಗೆ ಇದು ಕಡತದಲ್ಲಿ ಹೆಸರು ಬದಲಾದಷ್ಟೇ ಸಣ್ಣ ಸಂಗತಿ. ಕ್ಯಾಂಪಸ್ಸಿನೊಳಗೆ ಮಾತ್ರ ಪ್ರತಿಭಟನೆಗಳು ಶುರುವಾದವು, ವಿದ್ಯಾರ್ಥಿಗಳ ಜೊತೆ ಅಧ್ಯಾಪಕರ ಸಂಘವೂ ದನಿಗೂಡಿಸಿತು, ವ್ಯಾಜ್ಯ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ರದ್ದಾದ ಸಮಿತಿಯ ಪೂರ್ಣ ಹೆಸರು ‘ಜೆಂಡರ್ ಸೆನ್ಸಿಟೈಸೇಷನ್ ಕಮಿಟಿ ಅಗೇನ್ಸ್ಟ್ ಸೆಕ್ಷುವಲ್ ಹರಾಸ್‌ಮೆಂಟ್’. ಅಷ್ಟುದ್ದ ಯಾರೂ ಹೇಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಜಿಎಸ್‌ಕ್ಯಾಶ್.

ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯೊಂದಕ್ಕಾಗಿ ಹುಡುಗ ಹುಡುಗಿಯರು ಇಷ್ಟು ಹೋರಾಡಿದ್ದೇಕೆ? ಅಂಥ ಸಮಿತಿಗಳು ಇಂದು ದೇಶದ ಪ್ರತಿ ಕಾಲೇಜಿನಲ್ಲೂ ಇರಬೇಕು. ಬಹುಪಾಲು ವಿದ್ಯಾರ್ಥಿಗಳಿಗೆ ಅವುಗಳ ಹೆಸರೂ ಗೊತ್ತಿರುವುದಿಲ್ಲ. ಜಿಎಸ್‌ಕ್ಯಾಶ್ ಹಾಗಿರಲಿಲ್ಲ, ಏಕೆಂದರೆ ಅದರ ವಿದ್ಯಾರ್ಥಿ ಸದಸ್ಯರನ್ನು ವಿದ್ಯಾರ್ಥಿಗಳೇ ವೋಟು ಹಾಕಿ ಆರಿಸುತ್ತಿದ್ದರು. ಈ ಚರಿತ್ರೆಯಲ್ಲಿ ಕಾನೂನುಗಳಿವೆ, ತೀರ್ಪುಗಳಿವೆ, ವರದಿಗಳಿವೆ. ಅವೆಲ್ಲಕ್ಕಿಂತ ಹೆಚ್ಚು ತೂಕದ್ದು ನಂಬಿಕೆ. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನೋಡಲು ನಾಲ್ಕು ದಶಕ ಹಿಂದಕ್ಕೆ ಹೋಗಬೇಕು.

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಆಗಿನ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಹದಿಹರೆಯದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಇಬ್ಬರು ಪೊಲೀಸರು ಅತ್ಯಾಚಾರ ಎಸಗಿದ ಆರೋಪ ಬಂತು. ಸೆಷನ್ಸ್ ನ್ಯಾಯಾಲಯ ಅವರನ್ನು ಬಿಟ್ಟಿತು, ಹೈಕೋರ್ಟಿನ ನಾಗಪುರ ಪೀಠ ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯದ ಗುರುತಿರಲಿಲ್ಲ ಎಂಬುದು ಕೋರ್ಟಿನ ಮುಖ್ಯ ಕಾರಣಗಳಲ್ಲೊಂದು. ಮಥುರಾ ಪ್ರಕರಣವೆಂದು ಹೆಸರಾದ ಈ ತೀರ್ಪು ಕಾನೂನು ವರದಿಗಳ ಸಂಪುಟದಲ್ಲಿ ತಣ್ಣಗೆ ಮಲಗಿಬಿಡಬಹುದಿತ್ತು. ಅದನ್ನು ಎಬ್ಬಿಸಿದವರು ಕಾನೂನು ಕಲಿಸುವ ನಾಲ್ವರು ಮೇಷ್ಟ್ರು. ದೆಹಲಿಯ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ಪುಣೆಯ ವಸುಧಾ ಧಗಮ್‌ವಾರ್ 1979ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾದವಳು ಒಪ್ಪಿದಳೆಂದು ಲೆಕ್ಕ ಹಾಕುವುದು ಯಾವ ನ್ಯಾಯ ಎಂಬುದು ಅವರ ವಾದದ ತಿರುಳು. ಪತ್ರ ಕೈಯಿಂದ ಕೈಗೆ ದಾಟಿತು. 1980ರ ಮಹಿಳಾ ದಿನದ ಹೊತ್ತಿಗೆ ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದಿದ್ದರು. 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿಯಾಯಿತು. ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಅಪರಾಧವಾದದ್ದೂ ಆಗಲೇ.

ಇಷ್ಟೆಲ್ಲ ಮಾಡಿದ ವಿಶ್ವವಿದ್ಯಾಲಯಗಳ ಒಳಗೆ ಏನಿತ್ತು? ಹೆಚ್ಚೇನೂ ಇರಲಿಲ್ಲ ಎನ್ನಬೇಕು. ಪ್ರಯೋಗಾಲಯದಲ್ಲಿ, ಹಾಸ್ಟೆಲ್ ದಾರಿಯಲ್ಲಿ, ಪಿಎಚ್‌ಡಿ ಮಾರ್ಗದರ್ಶಕರ ಕೋಣೆಯಲ್ಲಿ ಆಗುವುದನ್ನು ಹೇಳಿಕೊಳ್ಳಲು ಹುಡುಗಿಗೆ ಇದ್ದದ್ದು ಎರಡೇ ಜಾಗ: ಪೊಲೀಸ್ ಠಾಣೆ, ಇಲ್ಲವೇ ವಿಭಾಗದ ಮುಖ್ಯಸ್ಥರು. ಮುಖ್ಯಸ್ಥರೇ ಆರೋಪಿಯಾದರೆ ಆ ಎರಡನೆಯದೂ ಇಲ್ಲ.

ಬಾಗಿಲು ತೆರೆದದ್ದು ವಿಶ್ವವಿದ್ಯಾಲಯಕ್ಕೂ ತನಗೂ ಸಂಬಂಧವೇ ಇರದ ಒಬ್ಬ ಗ್ರಾಮೀಣ ಹೆಂಗಸಿನಿಂದ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿ ದುಡಿಯುತ್ತಿದ್ದವರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರ ಸೆಪ್ಟೆಂಬರ್‌ನಲ್ಲಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಅವರು ದೂರು ಕೊಟ್ಟರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಆದರೆ ‘ವಿಶಾಖಾ’ ಮತ್ತಿತರ ಸಂಘಟನೆಗಳು ಇನ್ನೊಂದು ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದವು: ಕೆಲಸದ ನಿಮಿತ್ತ ಹೋದ ಹೆಂಗಸಿನ ರಕ್ಷಣೆ ಕೆಲಸ ಕೊಟ್ಟವರ ಹೊಣೆಯಲ್ಲವೇ? 1997ರ ಆಗಸ್ಟ್ 13ರಂದು ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕೃಪಾಲ್ ಅವರ ಪೀಠ ಹೌದೆಂದಿತು. ಕಾನೂನು ಬರುವವರೆಗೆ ತನ್ನ ಮಾರ್ಗಸೂಚಿಗಳೇ ಕಾನೂನು ಎಂದೂ ಹೇಳಿತು. ಪ್ರತಿ ಸಂಸ್ಥೆಯಲ್ಲಿ ದೂರು ಸಮಿತಿ ಇರಬೇಕು, ಮಹಿಳೆಯೇ ಅಧ್ಯಕ್ಷೆಯಾಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಒಳಗಿನ ಒತ್ತಡಕ್ಕೆ ಮಣಿಯದಂತೆ ಹೊರಗಿನವರೊಬ್ಬರು ಇರಬೇಕು. ಭಂವರಿ ದೇವಿಗೆ ತಮ್ಮ ಪ್ರಕರಣದಲ್ಲಿ ಸಿಗದ ನ್ಯಾಯ, ದೇಶದ ಕಚೇರಿಗಳಿಗೂ ಕಾಲೇಜುಗಳಿಗೂ ನಿಯಮವಾಗಿ ಸಿಕ್ಕಿತು.

ಹೆಚ್ಚಿನ ಸಂಸ್ಥೆಗಳು ಈ ತೀರ್ಪನ್ನು ಓದಿ ಕಡತದಲ್ಲಿಟ್ಟವು. ಜೆಎನ್‌ಯು ಮಾತ್ರ ಓದಿ, ಅದರಾಚೆಗೂ ಯೋಚಿಸಿತು. ಅಧ್ಯಾಪಕಿಯರು, ವಿದ್ಯಾರ್ಥಿನಿಯರು ಸೇರಿ ಚರ್ಚಿಸಿ, ಕರಡು ಬರೆದು, ತಿದ್ದಿ 1999ರಲ್ಲಿ ಜಿಎಸ್‌ಕ್ಯಾಶ್ ಹುಟ್ಟಿತು. ಸುಪ್ರೀಂ ಕೋರ್ಟ್ ಹೇಳಿದ್ದು ‘ದೂರು ಸಮಿತಿ’ ಎಂದಷ್ಟೇ. ಇವರು ಕಟ್ಟಿದ ಸಮಿತಿಗೆ ಮೂರು ಕೆಲಸ. ದೂರು ಬರುವ ಮೊದಲೇ ಅರಿವು ಮೂಡಿಸುವುದು, ತುರ್ತು ಸಂದರ್ಭದಲ್ಲಿ ದೂರುದಾರೆಯ ಬೆನ್ನಿಗೆ ನಿಲ್ಲುವುದು, ದೂರು ಬಂದಾಗ ಔಪಚಾರಿಕ ವಿಚಾರಣೆ ನಡೆಸುವುದು. ಸಮಿತಿಯಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು, ಅಧಿಕಾರಿಗಳು, ಬೋಧಕೇತರ ಸಿಬ್ಬಂದಿ, ಹಾಸ್ಟೆಲ್ ವಾರ್ಡನ್‌ಗಳು, ಹೊರಗಿನ ಮಹಿಳಾ ಸಂಘಟನೆಯ ಪ್ರತಿನಿಧಿ ಎಲ್ಲರಿಗೂ ಜಾಗವಿತ್ತು. ಕುಲಪತಿ ಬೆರಳು ತೋರಿಸಿದವರಷ್ಟೇ ಕೂರುವ ಸಮಿತಿ ಅದಾಗಿರಲಿಲ್ಲ.

ಜೆಎನ್‌ಯು ವಿದ್ಯಾರ್ಥಿ ಸಂಘದ ಚುನಾವಣೆ ನೋಡಿದವರಿಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ. ಅಲ್ಲಿ ಚುನಾವಣಾ ಆಯೋಗವೂ ವಿದ್ಯಾರ್ಥಿಗಳದೇ. ರಾತ್ರಿ ಊಟದ ಹೊತ್ತಿಗೆ ಹಾಸ್ಟೆಲ್ ಮೆಸ್ಸಿನ ಮೇಜುಗಳ ಮೇಲೆ ಕರಪತ್ರ ಬೀಳುತ್ತವೆ, ಊಟವಾದ ಮೇಲೆ ಭಾಷಣ, ವಾದ, ಪ್ರತಿವಾದ. ಇಂಥ ಕ್ಯಾಂಪಸ್ಸಿನಲ್ಲಿ ಲೈಂಗಿಕ ಕಿರುಕುಳ ವಿರೋಧಿ ಸಮಿತಿಗೆ ಸ್ಪರ್ಧಿಸುವುದೆಂದರೆ ಒಪ್ಪಿಗೆ ಎಂದರೇನು, ಗೋಪ್ಯತೆ ಏಕೆ ಬೇಕು ಎಂಬುದನ್ನು ನೂರಾರು ಜನರ ಮುಂದೆ ಮಾತಾಡಬೇಕಾಗುತ್ತಿತ್ತು. ಹಳ್ಳಿಯಿಂದ ಬಂದು ಮೊದಲ ಸೆಮಿಸ್ಟರಿಗೆ ಸೇರಿದ ಹುಡುಗನೂ, ತನ್ನ ಮೇಲೇನಾದರೂ ನಡೆದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದ ಹುಡುಗಿಯೂ ಆ ಮಾತು ಕೇಳುತ್ತಿದ್ದರು. ತಡೆಗಟ್ಟುವಿಕೆಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕಾರ್ಯಾಗಾರದಲ್ಲೂ ಸಿಗುವುದು ಕಷ್ಟ.

ಹಾಗೆಂದು ಜಿಎಸ್‌ಕ್ಯಾಶ್‌ನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ವಿಚಾರಣೆಗಳು ಎಳೆಯುತ್ತವೆ, ಕ್ಯಾಂಪಸ್ ರಾಜಕೀಯದ ಬಿಸಿ ತಟ್ಟುತ್ತದೆ ಎಂಬ ದೂರುಗಳು ಕೇಳಿಬರುತ್ತಲೇ ಇದ್ದವು. ದೆಹಲಿಯ ಉನ್ನತ ಶಿಕ್ಷಣ ಸಂಸ್ಥೆಗಳಿಂದ ಬಂದ ಲೈಂಗಿಕ ಕಿರುಕುಳದ ದೂರುಗಳಲ್ಲಿ ಸುಮಾರು ಅರ್ಧ ಜೆಎನ್‌ಯುನವೇ ಎಂದು ದೆಹಲಿ ಮಹಿಳಾ ಆಯೋಗ 2015ರಲ್ಲಿ ಹೇಳಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ‘ಅಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷತೆಯೇ ಇಲ್ಲ’ ಎಂದು ಕೆಲವರು ಅಂದರು. ಉಳಿದ ಸಂಸ್ಥೆಗಳಲ್ಲಿ ದೂರುಗಳೇ ಬಾರದಿದ್ದುದು ಹೆಚ್ಚು ಆತಂಕದ ವಿಷಯ ಎಂದು ಬಲ್ಲವರು ಅಂದರು. ಈ ಲೇಖಕರ ಒಲವು ಎರಡನೆಯವರ ಕಡೆಗೆ. ದೂರು ಶೂನ್ಯವೆಂದು ಹೆಮ್ಮೆಯಿಂದ ವರದಿ ಕಳಿಸುವ ಕಾಲೇಜಿನಲ್ಲಿ ಒಂದೋ ದೇವತೆಗಳು ಓದುತ್ತಿರಬೇಕು, ಇಲ್ಲವೇ ಸಮಿತಿಯ ಬಾಗಿಲು ಹಾಕಿರಬೇಕು.

ದೆಹಲಿ ವಿಶ್ವವಿದ್ಯಾಲಯದಲ್ಲೂ ತೊಂಬತ್ತರ ದಶಕದಲ್ಲಿ ವಿದ್ಯಾರ್ಥಿನಿಯರ ಗುಂಪುಗಳು ಸಮೀಕ್ಷೆ ನಡೆಸಿ, ವರದಿ ಬರೆದು, ಒತ್ತಡ ತಂದು ಮುಂದಿನ ದಶಕದ ಮೊದಲ ವರ್ಷಗಳಲ್ಲಿ ಪ್ರತ್ಯೇಕ ನಿಯಮಾವಳಿ ಮಾಡಿಸಿಕೊಂಡವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2002ರಲ್ಲಿ ತನ್ನದೇ ಸಂಹಿತೆ ರೂಪಿಸಿಕೊಂಡಿತು. ನಾಗರಬಾವಿಯಲ್ಲಿರುವ ಆ ಕಾನೂನು ಶಾಲೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಹಸಿರಿಗೆ ಅಂಟಿಕೊಂಡಿದೆ. 2012ರ ಅಕ್ಟೋಬರ್ 13ರ ರಾತ್ರಿ ಆ ಹಸಿರಿನೊಳಗೇ ಲಾ ಸ್ಕೂಲಿನ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ದೂರು ಕೊಟ್ಟಳು, ನ್ಯಾಯಾಲಯದಲ್ಲಿ ಪ್ರಕರಣ ನಿಂತಿತು. ವರ್ಷ ತುಂಬುವುದರೊಳಗೆ, 2013ರ ಸೆಪ್ಟೆಂಬರ್‌ನಲ್ಲಿ ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಒಳ್ಳೆಯ ಸಂಹಿತೆಯಿದ್ದ ಸಂಸ್ಥೆಯ ವಿದ್ಯಾರ್ಥಿನಿಗೂ ಬೇಲಿಯಾಚೆಯ ದಾರಿಯಲ್ಲಿ ದೀಪವಿರಲಿಲ್ಲ, ಕಾವಲಿರಲಿಲ್ಲ.

ಜ್ಞಾನಭಾರತಿಯ ಆ ಘಟನೆಯಾಗಿ ಎರಡು ತಿಂಗಳಿಗೆ 2012ರ ಡಿಸೆಂಬರ್ 16 ಬಂತು. ದೆಹಲಿಯ ಬಸ್ಸಿನಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿನಿಯ ಮೇಲೆ ನಡೆದ ಕ್ರೌರ್ಯ ದೇಶವನ್ನೇ ಬೀದಿಗೆಳೆಯಿತು. ಆ ಚಳಿಯಲ್ಲಿ ರಾಯ್‌ಸಿನಾ ಗುಡ್ಡದ ಬುಡದಲ್ಲಿ ಜಲಫಿರಂಗಿಗೆ ಎದೆಯೊಡ್ಡಿದವರಲ್ಲಿ ಕ್ಯಾಂಪಸ್ಸಿನ ಹುಡುಗಿಯರೇ ಮುಂದಿದ್ದರು. ಸರ್ಕಾರ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ವಿಶಾಖಾ ತೀರ್ಪು ಕೊಟ್ಟ ಅದೇ ಜೆ.ಎಸ್. ವರ್ಮಾ, ಈಗ ನಿವೃತ್ತರು. ಜೊತೆಗೆ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ. ಎಂಬತ್ತು ಸಾವಿರದಷ್ಟು ಸಲಹೆಗಳನ್ನು ತರಿಸಿಕೊಂಡು, ಇಪ್ಪತ್ತೊಂಬತ್ತು ದಿನಗಳಲ್ಲಿ ವರದಿ ಮುಗಿಸಿ, 2013ರ ಜನವರಿ 23ರಂದು ಒಪ್ಪಿಸಿದರು.

ಆ ವರದಿಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಮಾತಿದೆ. ಸಂಸ್ಥೆಯೊಳಗಿನ ದೂರು ಸಮಿತಿಗಳನ್ನು ವರ್ಮಾ ಸಮಿತಿ ನಂಬಲಿಲ್ಲ. ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುವ ಸಂಸ್ಥೆಯ ಎದುರು ದೂರು ಕೊಡಲು ಹೆಂಗಸರು ಹಿಂಜರಿಯುತ್ತಾರೆ, ಆದ್ದರಿಂದ ಹೊರಗೆ ಸ್ವತಂತ್ರ ನ್ಯಾಯಮಂಡಳಿ ಬೇಕು ಎಂದಿತು. ಹದಿನಾರು ವರ್ಷದ ಹಿಂದೆ ಆ ಸಮಿತಿಗಳನ್ನು ಹುಟ್ಟಿಸಿದ ನ್ಯಾಯಮೂರ್ತಿಯೇ, ಅವು ನಡೆದುಕೊಂಡ ರೀತಿ ನೋಡಿ ಮನಸ್ಸು ಬದಲಿಸಿದ್ದರು. ಸಂಸತ್ತು ಈ ಸಲಹೆಯನ್ನು ಬದಿಗಿಟ್ಟು ಒಳಗಿನ ಸಮಿತಿಗಳನ್ನೇ ಉಳಿಸಿಕೊಂಡಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2013ರ ಏಪ್ರಿಲ್ 22ರಂದು. ವರ್ಮಾ ತೀರಿಕೊಂಡದ್ದೂ ಅದೇ ದಿನ.

ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಕ್ಯಾಂಪಸ್‌ಗಳ ಸ್ಥಿತಿ ನೋಡಲು ಕಾರ್ಯಪಡೆ ರಚಿಸಿತು. ‘ಸಕ್ಷಮ್’ ಎಂಬ ಅದರ ವರದಿ ಬಂದದ್ದು ವರ್ಷದ ಕೊನೆಗೆ. ದಾರಿದೀಪ, ಶೌಚಾಲಯ, ರಾತ್ರಿ ಬಸ್ಸು, ಆಪ್ತಸಲಹೆಗಾರರು, ಜಿಎಸ್‌ಕ್ಯಾಶ್ ಮಾದರಿಯ ಸಮಿತಿ ಎಲ್ಲವನ್ನೂ ಅದು ಕೇಳಿತು. ದೂರುದಾರೆಯ ಮೇಲೆ ರಾಜಿಯ ಒತ್ತಡ ಹೇರಬಾರದೆಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಸುರಕ್ಷತೆಯ ನೆಪದಲ್ಲಿ ಹುಡುಗಿಯರನ್ನು ಕೂಡಿಹಾಕಬೇಡಿ, ಅವರ ಓಡಾಟದ ಮೇಲೆ ಪೊಲೀಸಗಿರಿ ಮಾಡಬೇಡಿ ಎಂದು ಸ್ಪಷ್ಟವಾಗಿ ಬರೆಯಿತು.

ಆದದ್ದು ತದ್ವಿರುದ್ಧ. ಹಾಸ್ಟೆಲ್ ಗೇಟಿಗೆ ಬೀಗ ಜಡಿಯುವುದು ಅಗ್ಗ, ದೀಪ ಹಾಕುವುದು ದುಬಾರಿ. 2015ರ ಆಗಸ್ಟ್‌ನಲ್ಲಿ ದೆಹಲಿಯ ಜಾಮಿಯಾ ಮಿಲಿಯಾ ತನ್ನ ವಿದ್ಯಾರ್ಥಿನಿಯರ ತಡರಾತ್ರಿ ಅನುಮತಿಯನ್ನು ರದ್ದು ಮಾಡಿದಾಗ ಎದ್ದ ಆಕ್ರೋಶದಿಂದ ‘ಪಿಂಜರಾ ತೋಡ್’ (ಪಂಜರ ಮುರಿ) ಚಳವಳಿ ಹುಟ್ಟಿತು. ಅದರ ಹಿಂದಿನ ವರ್ಷ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಇನ್ನೂ ದೊಡ್ಡ ಸ್ಫೋಟವೇ ಆಗಿತ್ತು. ವಿದ್ಯಾರ್ಥಿನಿಯೊಬ್ಬಳ ದೂರನ್ನು ವಿಚಾರಿಸುತ್ತಿದ್ದ ಸಮಿತಿ ಆಕೆಯ ನಡತೆಯನ್ನೇ ಪ್ರಶ್ನಿಸಿತೆಂದು ವಿದ್ಯಾರ್ಥಿಗಳು ಸಿಟ್ಟಾದರು. ನಿಷ್ಪಕ್ಷಪಾತ ತನಿಖೆ ಕೇಳಿ ಕುಲಪತಿಗೆ ಘೇರಾವ್ ಹಾಕಿದರು. 2014ರ ಸೆಪ್ಟೆಂಬರ್ 16ರ ರಾತ್ರಿ ಕ್ಯಾಂಪಸ್ಸಿಗೆ ಪೊಲೀಸರು ನುಗ್ಗಿ ಹೊಡೆದರು. ‘ಹೋಕ್ ಕೊಲೊರಬ್’ (ಗದ್ದಲವೇಳಲಿ) ಎಂಬ ಕೂಗಿನ ಜೊತೆ ಸಾವಿರಾರು ಜನ ಮಳೆಯಲ್ಲೇ ನಡೆದರು. ಜನವರಿಯಲ್ಲಿ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಸ್ವತಃ ಕ್ಯಾಂಪಸ್ಸಿಗೆ ಬಂದು ಕುಲಪತಿಯ ರಾಜೀನಾಮೆ ಪ್ರಕಟಿಸಬೇಕಾಯಿತು. ಸಮಿತಿ ಇರಲಿಲ್ಲವೆಂದು ಎದ್ದ ಚಳವಳಿಯಲ್ಲ ಇದು. ಇದ್ದ ಸಮಿತಿಯನ್ನು ಯಾರೂ ನಂಬಲಿಲ್ಲವೆಂದು ಎದ್ದದ್ದು.

2016ರ ಮೇ ತಿಂಗಳಲ್ಲಿ ಯುಜಿಸಿಯ ನಿಯಮಾವಳಿ ರಾಜಪತ್ರದಲ್ಲಿ ಬಂತು. ಓದಲು ಇದು ಒಳ್ಳೆಯ ದಾಖಲೆ. ದೂರು ಕೊಡಲು ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಅಲ್ಲಿಯವರೆಗೆ ದೂರುದಾರೆ ಏನು ಮಾಡಬೇಕು ಎಂಬುದಕ್ಕೂ ಉತ್ತರವಿದೆ: ಆರೋಪಿಯಾದ ಅಧ್ಯಾಪಕ ಆಕೆಯ ಉತ್ತರಪತ್ರಿಕೆ ತಿದ್ದುವಂತಿಲ್ಲ, ಆಕೆಗೆ ಮೂರು ತಿಂಗಳವರೆಗೆ ರಜೆ ಸಿಗಬಹುದು, ಇಬ್ಬರಲ್ಲೊಬ್ಬರನ್ನು ಬೇರೆ ವಿಭಾಗಕ್ಕೆ ಕಳಿಸಬಹುದು, ಬೆದರಿಕೆಯಿದ್ದರೆ ಆರೋಪಿಯ ಕ್ಯಾಂಪಸ್ ಪ್ರವೇಶವನ್ನೇ ತಡೆಯಬಹುದು. ಗಂಡು ವಿದ್ಯಾರ್ಥಿಗಳೂ, ತೃತೀಯ ಲಿಂಗಿಗಳೂ ದೌರ್ಜನ್ಯಕ್ಕೆ ಗುರಿಯಾಗುತ್ತಾರೆಂದು ನಿಯಮ ಒಪ್ಪುತ್ತದೆ. ಕುಲಪತಿ, ಕುಲಸಚಿವ, ಡೀನ್‌ಗಳು ಸಮಿತಿಯಲ್ಲಿ ಇರಕೂಡದೆನ್ನುತ್ತದೆ. ವಿದ್ಯಾರ್ಥಿಗಳು ಒಳಗೊಂಡ ಪ್ರಕರಣದಲ್ಲಿ ಮೂವರು ವಿದ್ಯಾರ್ಥಿ ಸದಸ್ಯರಿರಬೇಕು, ಅವರು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಲ್ಲಿ ಚುನಾಯಿತರಾಗಬೇಕು ಎಂದೂ ಹೇಳುತ್ತದೆ. ಅಧ್ಯಕ್ಷೆಯನ್ನೂ ಅಧ್ಯಾಪಕ, ಸಿಬ್ಬಂದಿ ಸದಸ್ಯರನ್ನೂ ನೇಮಿಸುವ ಅಧಿಕಾರ ಮಾತ್ರ ಆಡಳಿತದ ಕೈಯಲ್ಲೇ ಉಳಿಯಿತು.

ಜೆಎನ್‌ಯು ಆಡಳಿತ 2017ರ ಸೆಪ್ಟೆಂಬರ್‌ನಲ್ಲಿ ಹಿಡಿದದ್ದು ಇದೇ ನಿಯಮಾವಳಿಯನ್ನು. ಆಗ ಕುಲಪತಿಯಾಗಿದ್ದವರು ಎಂ. ಜಗದೀಶ್ ಕುಮಾರ್, ಮುಂದೆ ಯುಜಿಸಿಯ ಅಧ್ಯಕ್ಷರಾದವರು. ಕಾನೂನು ಕೇಳುವುದು ಆಂತರಿಕ ದೂರು ಸಮಿತಿಯನ್ನು, ಜಿಎಸ್‌ಕ್ಯಾಶ್ ಆ ಅಳತೆಗೆ ಹೊಂದುವುದಿಲ್ಲ ಎಂಬುದು ಆಡಳಿತದ ವಾದ. ಹೊಂದದಿದ್ದರೆ ತಿದ್ದಿ ಹೊಂದಿಸಬಹುದಿತ್ತಲ್ಲ, ಮುರಿಯುವುದೇಕೆ ಎಂಬುದು ಎದುರು ವಾದ. ಕಾಗದದ ಮೇಲೆ ಆಡಳಿತದ ಮಾತಿಗೆ ಆಧಾರವಿತ್ತು, ಅದನ್ನು ಒಪ್ಪಬೇಕು. ಆದರೆ ದೇಶಕ್ಕೆಲ್ಲ ಮಾದರಿಯೆಂದು ಯುಜಿಸಿಯ ಕಾರ್ಯಪಡೆಯೇ ಕೊಂಡಾಡಿದ ಸಮಿತಿಯನ್ನು ಯುಜಿಸಿಯ ನಿಯಮದ ಹೆಸರಲ್ಲೇ ತೆಗೆದದ್ದು ವಿಚಿತ್ರ ನ್ಯಾಯ.

ಆ ಶರತ್ಕಾಲ ಸಾಮಾನ್ಯವಾದುದಾಗಿರಲಿಲ್ಲ. ಸೆಪ್ಟೆಂಬರ್ 21ರ ಸಂಜೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಬೈಕಿನಲ್ಲಿ ಬಂದವರು ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿದರು. ಇಷ್ಟು ಹೊತ್ತಿನಲ್ಲಿ ಹೊರಗೇಕಿದ್ದೆ ಎಂಬ ಪ್ರಶ್ನೆ ಆಕೆಗೇ ಎದುರಾಯಿತು. ಮರುದಿನ ಹುಡುಗಿಯರು ಸಿಂಹದ್ವಾರದ ಮುಂದೆ ಕೂತರು, 23ರ ರಾತ್ರಿ ಅವರ ಮೇಲೆ ಲಾಠಿ ಬೀಸಲಾಯಿತು. ಅದಾದ ಮೇಲೆ ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಮೊದಲ ಬಾರಿಗೆ ಮಹಿಳೆಯೊಬ್ಬರು ಮುಖ್ಯ ಪ್ರಾಕ್ಟರ್ ಆದರು. ಇನ್ನೊಂದು ತಿಂಗಳಿಗೆ, ಅಕ್ಟೋಬರ್ 24ರಂದು, ಅಮೆರಿಕದಲ್ಲಿ ಕಾನೂನು ಓದುತ್ತಿದ್ದ ರಾಯಾ ಸರ್ಕಾರ್ ಕಿರುಕುಳದ ಆರೋಪವಿರುವ ಭಾರತೀಯ ಅಧ್ಯಾಪಕರ ಪಟ್ಟಿಯೊಂದನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರು. ವಿವರವಿಲ್ಲದೆ ಹೆಸರು ಹಾಕುವುದು ಸರಿಯಲ್ಲ, ವಿಚಾರಣೆಯ ದಾರಿ ಬಿಡಬಾರದು ಎಂದು ಹಿರಿಯ ಸ್ತ್ರೀವಾದಿಗಳು ಹೇಳಿಕೆ ಕೊಟ್ಟರು. ಆ ದಾರಿಯಲ್ಲಿ ನಡೆದು ನಡೆದು ಸೋತವರು ನಾವು ಎಂದು ಕಿರಿಯರು ಉತ್ತರಿಸಿದರು. ಹಿರಿಯರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ದೇಶದ ಅತ್ಯಂತ ಪ್ರಸಿದ್ಧ ದೂರು ಸಮಿತಿ ಕಣ್ಣೆದುರೇ ಕಳಚಿ ಬಿದ್ದು ಐದು ವಾರವಷ್ಟೇ ಆಗಿದ್ದ ಹೊತ್ತಿನಲ್ಲಿ ಕಿರಿಯರಿಗೆ ಆ ಬುದ್ಧಿಮಾತು ಒಗ್ಗುವುದು ಕಷ್ಟವಿತ್ತು.

2018ರ ಮಾರ್ಚ್‌ನಲ್ಲಿ ಜೆಎನ್‌ಯುವಿನ ಹಲವು ವಿದ್ಯಾರ್ಥಿನಿಯರು ತಮ್ಮ ಪ್ರಾಧ್ಯಾಪಕರೊಬ್ಬರ ವಿರುದ್ಧ ದೂರು ಹಿಡಿದು ವಸಂತ್ ಕುಂಜ್ ಪೊಲೀಸ್ ಠಾಣೆಗೆ ನಡೆದರು. ಹೊಸ ಆಂತರಿಕ ಸಮಿತಿಯ ಮೇಲೆ ತಮಗೆ ವಿಶ್ವಾಸವಿಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿದರು.

ಕರ್ನಾಟಕದ ಪಾಠ ಬೇರೆ ರೀತಿಯದು. 2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆ ನಿರ್ಜನ ಜಾಗಕ್ಕೆ ಹೋಗಬಾರದಿತ್ತು ಎಂದ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಆಮೇಲೆ ಮಾತು ಹಿಂದಕ್ಕೆ ಪಡೆದರು. ಮೈಸೂರು ವಿಶ್ವವಿದ್ಯಾಲಯದಿಂದ ಸುತ್ತೋಲೆ ಹೊರಟಿತು: ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು. ಗಂಡು ವಿದ್ಯಾರ್ಥಿಗಳಿಗೆ ಅಂಥ ನಿರ್ಬಂಧವೇನೂ ಇರಲಿಲ್ಲ. ಟೀಕೆಗಳ ಮಳೆ ಸುರಿದ ಮೇಲೆ ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಸಕ್ಷಮ್ ವರದಿ ಬಂದು ಆಗಲೇ ಎಂಟು ವರ್ಷ ಹತ್ತಿರವಾಗಿತ್ತು.

ಸಮಿತಿಯಿದ್ದೂ ಕೆಲಸ ಕೆಟ್ಟರೆ ಎರಡೂ ಕಡೆಯವರಿಗೆ ಏನಾಗುತ್ತದೆ ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಸಾಕ್ಷಿ. 2009ರಲ್ಲಿ ವಿದ್ಯಾರ್ಥಿನಿಯರು ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ದೂರು ಕೊಟ್ಟರು. ಸಮಿತಿ ಅವಸರವಸರವಾಗಿ ಸಭೆ ನಡೆಸಿ ತೀರ್ಮಾನ ಕೊಟ್ಟಿತು, ಅವರು ಕೆಲಸ ಕಳೆದುಕೊಂಡರು. 2023ರ ಮೇ 12ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಹಿಮಾ ಕೊಹ್ಲಿ ಅವರ ಪೀಠ, ಆರೋಪಿಗೆ ತನ್ನ ವಾದ ಹೇಳಲು ಸರಿಯಾದ ಅವಕಾಶ ಸಿಗಲಿಲ್ಲವೆಂದು ಆ ಶಿಕ್ಷೆಯನ್ನು ಬದಿಗೊತ್ತಿ ವಿಚಾರಣೆಯನ್ನು ಮತ್ತೆ ನಡೆಸಲು ಹೇಳಿತು. ಹದಿನಾಲ್ಕು ವರ್ಷದ ನಂತರ ಎಲ್ಲವೂ ಮತ್ತೆ 2009ರ ಹಂತದಿಂದ. ದೂರು ಕೊಟ್ಟವರು ಆ ಹೊತ್ತಿಗೆ ಓದು ಮುಗಿಸಿ ಎಷ್ಟು ದೂರ ಸಾಗಿರಬೇಕು! ಕಾಯ್ದೆ ಬಂದು ದಶಕವಾದರೂ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಅದೇ ತೀರ್ಪಿನಲ್ಲಿ ಪೀಠ ಖೇದಪಟ್ಟಿತು. ಸಮಿತಿಯ ಸದಸ್ಯರು ಯಾರು, ಅವರ ಫೋನ್ ನಂಬರ್ ಯಾವುದು, ದೂರು ಕೊಡುವುದು ಹೇಗೆ ಎಂಬುದು ಪ್ರತಿ ಸಂಸ್ಥೆಯ ಜಾಲತಾಣದಲ್ಲಿ ಸುಲಭವಾಗಿ ಸಿಗಬೇಕೆಂದು ಆದೇಶಿಸಿತು.

2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನ ಫಕೀರ್ ಮೋಹನ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿಭಾಗದ ಮುಖ್ಯಸ್ಥರ ವಿರುದ್ಧ ತಾನು ಕೊಟ್ಟ ದೂರಿಗೆ ಬೆಲೆ ಸಿಗಲಿಲ್ಲವೆಂದು ನೊಂದು ಪ್ರಾಣ ಕಳೆದುಕೊಂಡಳು. ಆ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇತ್ತು, ದೂರು ಅದರ ಮುಂದೂ ಹೋಗಿತ್ತು.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತದ್ದು ಎಂಬತ್ತರ ದಶಕದ ಕೊನೆಯಲ್ಲಿ, ಹಿಂಸಾಚಾರದ ಕಾರಣ ಕೊಟ್ಟು. ಒಂದು ಇಡೀ ತಲೆಮಾರು ಕ್ಯಾಂಪಸ್ಸಿನ ಮತಪೆಟ್ಟಿಗೆಯನ್ನು ನೋಡದೆಯೇ ಪದವಿ ಪಡೆದು ಹೋಗಿದೆ. ಯುಜಿಸಿಯ ನಿಯಮ ಮಾತ್ರ ಇಲ್ಲಿಗೂ ಅನ್ವಯ: ಮೂವರು ವಿದ್ಯಾರ್ಥಿ ಸದಸ್ಯರು, ಪಾರದರ್ಶಕ ಚುನಾವಣೆಯಿಂದ. ತಮ್ಮ ಕಾಲೇಜಿನ ಆ ಮೂವರನ್ನು ಯಾರು, ಯಾವಾಗ, ಹೇಗೆ ಆರಿಸಿದರು ಎಂದು ಯಾವ ವಿದ್ಯಾರ್ಥಿನಿಯಾದರೂ ಪ್ರಾಂಶುಪಾಲರನ್ನು ಕೇಳಬಹುದು. ಕೇಳುವ ಹಕ್ಕು ಆಕೆಗಿದೆ.